ಸಿಗರೇಟು ಪೊಟ್ಟಣದೊಳಗಿನ ನಟಿ

ಸಿಗರೇಟಿನ ಪೊಟ್ಟಣ ಮೊದಮೊದಲು ತೆಳುಕಾಗದದ್ದಾಗಿತ್ತು. ಜೇಬಿನಲ್ಲಿಟ್ಟರೆ ಅಮುಕಿಹೋಗಿ ಸಿಗರೇಟು ಮುರಿಯುತ್ತಿತ್ತು. ಹಾಗಾಗದಿರಲೆಂದು ಅಮೆರಿಕದ ಕಂಪನಿಗಳು ಒಳಗೊಂದು ಗಟ್ಟಿ ರಟ್ಟಿನ ತುಂಡು ಇಡತೊಡಗಿದವು. ೧೮೭೦ರ ದಶಕದ ಕೊನೆಗೆ ಆ ರಟ್ಟಿನ ಮೇಲೆ ಚಿತ್ರ ಅಚ್ಚಾಯಿತು. ಬಹು ಬೇಗ ನಾಟಕದ ನಟಿಯರು ಅಲ್ಲಿಗೆ ಬಂದರು. ಪೊಟ್ಟಣಕ್ಕೆ ಒಂದೇ ಕಾರ್ಡು. ಇಡೀ ಮಾಲೆ ಕೂಡಬೇಕಾದರೆ ಇಪ್ಪತ್ತೈದೋ ಐವತ್ತೋ ಬೇಕು. ಹೀಗೆ ಚಿತ್ರದ ಆಸೆಯೇ ಸೇದುವ ಚಟವನ್ನು ಬೆಳೆಸಿತು. ಇಂಗ್ಲೆಂಡಿನ ವಿಲ್ಸ್ ಕಂಪನಿಯೂ ಇದೇ ದಾರಿ ಹಿಡಿಯಿತು. ೧೯೪೦ರಲ್ಲಿ, ಯುದ್ಧಕಾಲದ ಕಾಗದದ ಅಭಾವದಿಂದ, ಅಲ್ಲಿ ಈ ಕಾರ್ಡುಗಳು ನಿಂತವು.

ನಮ್ಮಲ್ಲಿ ಈ ಕೆಲಸವನ್ನು ಬೆಂಕಿಪೆಟ್ಟಿಗೆಯೂ ಮಾಡಿತು. ಕಲ್ಕತ್ತೆಯ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ೧೯೦೨ರಲ್ಲಿ ಗ್ರಾಮೋಫೋನಿಗೆ ಹಾಡಿದರು. ಅವರ ಹೆಸರು ದೇಶದಲ್ಲೆಲ್ಲ ಹಬ್ಬಿತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೆ ಅವರ ಭಾವಚಿತ್ರ ಬಂದಿತು. ಅಂಥ ಗಾಯಕಿಯರನ್ನು ಮನೆಯೊಳಕ್ಕೆ ಕರೆಯಲು ಹಿಂಜರಿಯುತ್ತಿದ್ದ ಗೃಹಸ್ಥರ ಒಲೆಯ ಪಕ್ಕಕ್ಕೂ ಅವರ ಮುಖ ಹೀಗೆ ತಲುಪಬಹುದಾಯಿತು! ಗೌಹರ್ ಜಾನ್ ೧೯೨೮ರಲ್ಲಿ ಮೈಸೂರು ಅರಮನೆಯ ಆಸ್ಥಾನ ಸೇರಿ, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮುಂದೆ ಸಾಬೂನಿನ ಸರದಿ. ನಮ್ಮ ಧಾರವಾಡದಲ್ಲಿ ಹುಟ್ಟಿ, ಮರಾಠಿ ರಂಗಭೂಮಿಯಿಂದ ಸಿನೆಮಾಕ್ಕೆ ಹೋದ ಲೀಲಾ ಚಿಟ್ನೀಸ್, ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ.

ನಟಿಗೂ ಸಿಗರೇಟಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ನಾಟಕ ನೋಡಿ ಪಟ್ಟ ಸಂತೋಷ ಆ ಮುಖದ ನೆನಪಿನಲ್ಲಿ ಉಳಿದಿರುತ್ತದೆ. ಅದೇ ಮುಖ ಸರಕಿನ ಮೇಲೆ ಕಂಡರೆ ಸಂತೋಷವೂ ಸರಕಿನದೇ ಎಂಬ ಭ್ರಮೆ ಹುಟ್ಟುತ್ತದೆ. ಪುಣೆಯವರಿಗೆ ಇದು ಗೊತ್ತಿದ್ದ ಸಂಗತಿ: ಬಾಲಗಂಧರ್ವರು ರಂಗದ ಮೇಲೆ ಸ್ತ್ರೀವೇಷದಲ್ಲಿ ಉಟ್ಟ ಸೀರೆ, ತೊಟ್ಟ ಒಡವೆಗಳನ್ನು ನೋಡಿ ಮನೆಮನೆಯ ಹೆಂಗಸರು ಹಾಗೆಯೇ ಉಡಲು ಬಯಸಿದ್ದರು.

ಈಗ ಕಾಲ ತಿರುಗಿದೆ. ೨೦೦೩ರ ಕಾಯಿದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. ಅಂದು ನಟಿಯಿದ್ದ ಪೊಟ್ಟಣದ ಮೇಲೆ ಇಂದು ರೋಗದ ಚಿತ್ರವಿದೆ. ಆದರೆ ಮುಖ ತೋರಿಸಿ ಮಾರುವ ಉಪಾಯ ಹಾಗೆಯೇ ಇದೆ. ಭೋರಿನ ಪೇಟೆಯಲ್ಲಿ ಸಾಮಾನು ಕೊಳ್ಳುವಾಗ, ಸಂಬಳದಲ್ಲಿ ಉಳಿಸಿ ಊರಿಗೆ ಹಣ ಕಳಿಸಬೇಕಾದ ನಾವು ಕೇಳಿಕೊಳ್ಳೋಣ: ಇದರಲ್ಲಿ ಸರಕಿನ ಬೆಲೆ ಎಷ್ಟು, ಮುಖದ ಬೆಲೆ ಎಷ್ಟು?

ಊರಿನ ಹಳೆಯ ಪೆಟ್ಟಿಗೆಯಲ್ಲಿ ಇಂಥ ಕಾರ್ಡೋ ಬೆಂಕಿಪೆಟ್ಟಿಗೆಯ ಚಿತ್ರವೋ ಸಿಕ್ಕರೆ ಮಾತ್ರ ಎಸೆಯಬೇಡಿ. ಎಷ್ಟೋ ಕಲಾವಿದರ ಮುಖ ಇಂದಿಗೂ ಉಳಿದಿರುವುದು ಆ ಚೂರು ಕಾಗದದಲ್ಲಿಯೇ.