ಬಲ್ಲ ಕೆಲಸಕ್ಕೆ ಸಾಕ್ಷಿ ಎಲ್ಲಿದೆ?

(ಮೇ 1: ಕಾರ್ಮಿಕರಾದ ಸಂತ ಜೋಸೆಫರ ಹಬ್ಬದ ಸಂದರ್ಭದಲ್ಲಿ)



ಜಗತ್ತು ಕಾರ್ಮಿಕರ ದಿನವನ್ನು ಆಚರಿಸುವ ಮೇ 1ರಂದು ನಮ್ಮ ಧರ್ಮಸಭೆ ಕಾರ್ಮಿಕರಾದ ಸಂತ ಜೋಸೆಫರನ್ನು ಸ್ಮರಿಸುತ್ತದೆ. ಈ ಹಬ್ಬವನ್ನು 1955ರಲ್ಲಿ ಸ್ಥಾಪಿಸಿದವರು ಜಗದ್ಗುರು ಹನ್ನೆರಡನೆಯ ಪಯಸ್‌ರವರು. ಪ್ರತಿ ವರ್ಷ ಈ ದಿನದ ಬಲಿಪೂಜೆಯಲ್ಲಿ ನಾನು ಹೇಳುತ್ತಿದ್ದ ಮಾತು ಒಂದೇ: ಪ್ರಾಮಾಣಿಕವಾಗಿ ದುಡಿಯಿರಿ, ಫಲ ತಾನಾಗಿ ಬರುತ್ತದೆ. ಮೊದಲರ್ಧ ಇವತ್ತಿಗೂ ನನಗೆ ಒಪ್ಪಿಗೆ. ಎರಡನೆಯ ಅರ್ಧವನ್ನು ಮಾತ್ರ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನನ್ನ ಬಾಯಿಂದ ಬಿಡಿಸಿದ.

ಅವನು ಒಂದು ಕಾರ್ಖಾನೆಯಲ್ಲಿ ಎಂಟು ವರ್ಷ ಸಿಎನ್‌ಸಿ ಲೇತ್ ನಡೆಸಿದವನು. ಟೂಲ್ ಸವೆಯುತ್ತಿದ್ದರೆ ಶಬ್ದದಿಂದಲೇ ಹೇಳಬಲ್ಲ ಎಂದು ಜೊತೆಯವರು ಹೇಳುತ್ತಾರೆ. ಗೇಟು ಅದೇ, ಯಂತ್ರ ಅದೇ. ಆದರೆ ಎಂಟು ವರ್ಷಗಳಲ್ಲಿ ಅವನ ಕಂಟ್ರಾಕ್ಟರ್ ಮೂರು ಸಲ ಬದಲಾಗಿದ್ದರು. ಕಳೆದ ವರ್ಷ ಇನ್ನೊಂದು ಕಡೆ ಒಳ್ಳೆಯ ಕೆಲಸಕ್ಕೆ ಸಂದರ್ಶನಕ್ಕೆ ಹೋದ. ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಕೊನೆಗೆ, “ಎಂಟು ವರ್ಷದ ಅನುಭವಕ್ಕೆ ದಾಖಲೆ ಏನಿದೆ?” ಎಂದು ಕೇಳಿದರು. ಅವನ ಬಳಿ ಇದ್ದದ್ದು ಅವಧಿ ಮುಗಿದ ಒಂದು ಗೇಟ್ ಪಾಸ್. ಆಗ ತಾನೇ ಐಟಿಐ ಮುಗಿಸಿದ ಹುಡುಗರ ಜೊತೆಗೆ, ಅವರದೇ ಸಂಬಳಕ್ಕೆ, ಟ್ರೈನಿಯಾಗಿ ಬರುವುದಾದರೆ ಬಾ ಎಂದರು.

ಅವನು ನೇರವಾಗಿ ಧರ್ಮಕೇಂದ್ರದ ಕಚೇರಿಗೆ ಬಂದ. “ಫಾದರ್, ಚರ್ಚಿನ ಲೆಟರ್‌ಹೆಡ್‌ನಲ್ಲಿ ಒಂದು ಸರ್ಟಿಫಿಕೇಟ್ ಬರೆದುಕೊಡಿ.” ಅವನ ನಡತೆಗೆ ನಾನು ಸಾಕ್ಷಿ ನಿಲ್ಲಬಲ್ಲೆ, ಲೇತ್ ನಡೆಸಬಲ್ಲ ಎಂದು ಬರೆಯಲು ನಾನು ಯಾರು? ಬರೆದರೂ ಅದನ್ನು ಯಾರು ನಂಬುತ್ತಾರೆ? ಹೆಂಡತಿ ತುಂಬು ಗರ್ಭಿಣಿ, ಮೇಲೆ ಮನೆ ಬಾಡಿಗೆ. ಅವನು ಟ್ರೈನಿಯಾಗಿಯೇ ಸೇರಿಕೊಂಡ.

ನಜರೇತಿನಲ್ಲಿ ಸಂತ ಜೋಸೆಫರಿಗೆ ಈ ಕಷ್ಟ ಇರಲಿಲ್ಲ. ಅದು ಚಿಕ್ಕ ಊರು. ಯಾರ ಮನೆಯ ಬಾಗಿಲು, ಯಾರ ನೊಗ ಯಾರ ಕೈಯಿಂದ ಆಯಿತು ಎಂಬುದು ಎಲ್ಲರಿಗೂ ಗೊತ್ತು. ಯೇಸುಸ್ವಾಮಿಯನ್ನು ಊರಿನವರು ಗುರುತಿಸಿದ್ದೇ ಬಡಗಿಯ ಮಗ ಎಂದು. ನಮ್ಮ ಸೀಮೆಯಲ್ಲೂ ಬಹುಕಾಲ ಹೀಗೆಯೇ ನಡೆಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ರೀಲರುಗಳು ರಾಶಿಗೆ ಕೈ ಹಾಕಿ ಗೂಡನ್ನು ಅದುಮಿ ನೋಡಿಯೇ ಅದರ ಬೆಲೆ ಅಂದಾಜು ಮಾಡುತ್ತಾರೆ. ಕೊಳ್ಳುವವನ ಕಣ್ಣೆದುರಿಗೇ ವಸ್ತು ಇದ್ದರೆ ಬೇರೆ ಸಾಕ್ಷಿ ಬೇಡ.

ಕೊಳ್ಳುವವನು ದೂರದಲ್ಲಿದ್ದರೆ? ಚನ್ನಪಟ್ಟಣದ ಬೊಂಬೆಯನ್ನೇ ತೆಗೆದುಕೊಳ್ಳಿ. ಆಲೆ ಮರವನ್ನು ಲೇತಿಗೆ ಕೊಟ್ಟು ಕಡೆದು, ತಿರುಗುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಗರಿಯಿಂದ ತೀಡಿದರೆ ಹೊಳಪು. ಈ ಕೆಲಸ ಬಲ್ಲವರಿಗೆ ಯಾವ ಊನವೂ ಇರಲಿಲ್ಲ. ಆದರೂ ಚೀನಾದ ಅಗ್ಗದ ಆಟಿಕೆಗಳು ಅಂಗಡಿ ತುಂಬಿದಾಗ ಕುಶಲಕರ್ಮಿಗಳು ತತ್ತರಿಸಿದರು. 2005-06ರಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಂದರೆ, ಈ ಹೆಸರು ಇಂಥ ಊರಿನ ಇಂಥ ಕಸುಬಿನದು ಎಂಬುದಕ್ಕೆ ಕಾನೂನಿನ ಒಂದು ಕಾಗದ. ಅದರಿಂದ ಕಷ್ಟವೆಲ್ಲ ತೀರಿತೆಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ಹಳೆಯ ಕಸುಬಿಗೇ ಕಾಗದ ಬೇಕಾಯಿತು ಎಂದ ಮೇಲೆ ನಮ್ಮ ಹುಡುಗರ ಪಾಡೇನು?

2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಜಿಲ್ಲೆಯಲ್ಲಿ ಹೊಲದಿಂದ ಕಾರ್ಖಾನೆಗೆ ನಡೆದವರು ಬಹಳ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಸುತ್ತಮುತ್ತ ಬಿಡಿಭಾಗಗಳ ಘಟಕಗಳು ಬೆಳೆದವು. ಕನಕಪುರದ ಕಡೆಯವರಿಗೆ ಹಾರೋಹಳ್ಳಿ, ಮಾಗಡಿಯವರಿಗೆ ಪೀಣ್ಯ. ಹೆಣ್ಣುಮಕ್ಕಳಿಗೆ ಬೆಳಗಿನ ಗಾರ್ಮೆಂಟ್ಸ್ ವ್ಯಾನು. ಸಾವಿರಾರು ಜನರ ನಡುವೆ ನಿಮ್ಮ ಕೈಯ ಗುಣ ಯಾರಿಗೂ ಮುಖಪರಿಚಯದಿಂದ ತಿಳಿಯದು. ಆದ್ದರಿಂದ ಕೆಲಸ ಕಲಿಯುವಷ್ಟೇ ಶ್ರದ್ಧೆಯಿಂದ ಅದರ ಗುರುತನ್ನೂ ಕೂಡಿಡಬೇಕು.

ಮೊದಲನೆಯದಾಗಿ ಕೇಳುವುದನ್ನು ಕಲಿಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು. ಕಂಟ್ರಾಕ್ಟ್ ಕೆಲಸಗಾರರು ಕೇಳಿದಾಗ, ಅವರು ಮಾಡಿದ ಕೆಲಸದ ವಿವರವಿರುವ ಅನುಭವ ಪತ್ರವನ್ನು ಕಂಟ್ರಾಕ್ಟರ್ ಕೊಡಬೇಕೆಂದು ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿದೆ. ‘ಕೇಳಿದಾಗ’ ಎಂಬ ಮಾತನ್ನು ಗಮನಿಸಿ. ನಮ್ಮವರು ಕೇಳುವುದಿಲ್ಲ. ಕೇಳಿದರೆ ಸೂಪರ್‌ವೈಸರ್ ಏನೆಂದುಕೊಂಡಾರೋ ಎಂಬ ಅಂಜಿಕೆ. ಕಂಟ್ರಾಕ್ಟರ್ ಬದಲಾಗುವ ತಿಂಗಳಲ್ಲೇ ಕೇಳಿ. ಎರಡು ವರ್ಷ ಕಳೆದ ಮೇಲೆ ಅವರ ಕಚೇರಿ ಎಲ್ಲಿತ್ತೆಂದೇ ತಿಳಿಯುವುದಿಲ್ಲ. ಪತ್ರದಲ್ಲಿ ಬರಿಯ ‘ಹೆಲ್ಪರ್’ ಎಂದು ಬರೆಸಿಕೊಂಡು ಬರಬೇಡಿ. ಯಾವ ಯಂತ್ರ, ಯಾವ ಕೆಲಸ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಇಷ್ಟು ಇರಲಿ.

ಭವಿಷ್ಯ ನಿಧಿಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಆ ಹಣ ಎಷ್ಟು ಪ್ರಿಯ ಎಂಬುದು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಾಗ ದೇಶಕ್ಕೇ ಗೊತ್ತಾಯಿತು. ಹಣ ತೆಗೆಯುವುದಕ್ಕೆ ಮಿತಿ ಹಾಕಿದ್ದ ಹೊಸ ನಿಯಮವನ್ನು ಸರ್ಕಾರ ಹಿಂತೆಗೆದುಕೊಳ್ಳಬೇಕಾಯಿತು. ಕಷ್ಟಕ್ಕೆ ತೆಗೆದರೆ ತಪ್ಪಲ್ಲ. ಆದರೆ ಸಂಸ್ಥೆ ಕಟ್ಟುವ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ, ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಮ್ಮ ತಾಯಂದಿರು ನಾಲ್ಕು ವರ್ಷ ದುಡಿದು ಮಗಳ ಮದುವೆಗೆಂದು ಎಲ್ಲವನ್ನೂ ತೆಗೆಯುತ್ತಾರೆ. ಮತ್ತೆ ಸೇರಿ ಐದು ವರ್ಷ ದುಡಿದು ಮನೆಗೆ ತಾರಸಿ ಹಾಕಿಸಲು ಮತ್ತೆ ತೆಗೆಯುತ್ತಾರೆ. ಒಟ್ಟು ಒಂಬತ್ತು ವರ್ಷ ದುಡಿದರೂ ಪಿಂಚಣಿಯ ಲೆಕ್ಕದಲ್ಲಿ ಸೊನ್ನೆ. ಕೆಲಸ ಬಿಟ್ಟಾಗ ಪಿಂಚಣಿಯ ಭಾಗವನ್ನು ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆಯಬಹುದು, ಅಥವಾ ಹೊಸ ಕಡೆ ಸೇರಿದಾಗ ಹಳೆಯ ಖಾತೆಯನ್ನು ವರ್ಗಾಯಿಸಬಹುದು. ಆಗ ಹಳೆಯ ವರ್ಷಗಳು ಹೊಸ ವರ್ಷಗಳಿಗೆ ಕೂಡುತ್ತವೆ. ಹನ್ನೆರಡು ಅಂಕಿಯ ಯುಎಎನ್ ಒಬ್ಬರಿಗೆ ಒಂದೇ ಇರಬೇಕು. ಪ್ರತಿ ಕಂಟ್ರಾಕ್ಟರ್ ಹೊಸದೊಂದನ್ನು ಮಾಡಿಸಲು ಬಿಡಬೇಡಿ.

ಇಲ್ಲಿ ಇನ್ನೊಂದು ತೊಡಕು, ಇದು ನಮ್ಮ ಕುಟುಂಬಗಳಿಗೇ ವಿಶೇಷವಾದದ್ದು. ಜ್ಞಾನಸ್ನಾನದ ಪುಸ್ತಕದಲ್ಲಿ ಪೌಲ್, ಶಾಲೆಯಲ್ಲಿ ಚಿನ್ನಪ್ಪ, ಆಧಾರ್‌ನಲ್ಲಿ ಪೌಲ್ ಚಿನ್ನಪ್ಪ. ಪೀಟರ್ ರಾಯಪ್ಪನಾಗಿ, ಕ್ಸೇವಿಯರ್ ಚೌರಪ್ಪನಾಗಿ ಕರೆಸಿಕೊಳ್ಳುವುದು ನಮ್ಮ ಹಿರಿಯರು ಬಿಟ್ಟುಹೋದ ಸೊಗಸು. ನನಗಂತೂ ಆ ಹೆಸರುಗಳೇ ಇಷ್ಟ. ಆದರೆ ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಖಾತೆ ವರ್ಗಾವಣೆ ನಿಂತುಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೆ ಉಳಿದವನ್ನು ಹೊಂದಿಸಿಕೊಳ್ಳುವುದು ಸುಲಭ. ಮಕ್ಕಳು ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದರೆ ಈಗಲೇ ಶಾಲೆಗೆ ಹೋಗಿ ನೋಡಿ ಬನ್ನಿ.

ಇನ್ನು ಮೇಲೇರುವ ಮಾತು. ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಮುಗಿಸಿ ಪರೀಕ್ಷೆ ಬರೆದರೆ ದೇಶವೆಲ್ಲ ಒಪ್ಪುವ ಪ್ರಮಾಣಪತ್ರ ಸಿಗುತ್ತದೆ. ಸ್ಟೈಪೆಂಡ್ ಕಡಿಮೆ ಎಂದು ಅದನ್ನು ಬಿಟ್ಟು ಕಂಟ್ರಾಕ್ಟಿಗೆ ಹೋಗುವುದು ಇವತ್ತಿನ ನಾಲ್ಕು ಕಾಸಿಗೆ ನಾಳೆಯ ಗಂಟನ್ನು ಮಾರಿದಂತೆ. ಐಟಿಐನಿಂದ ನೇರವಾಗಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಹತ್ತನೆಯ ತರಗತಿ ಪಾಸಾದ ಹಳ್ಳಿಯ ಬಡ ಮಕ್ಕಳಿಗಾಗಿ ಬಿಡದಿಯಲ್ಲಿ 2007ರಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಆರಂಭವಾಯಿತು. ನಮ್ಮ ಎಷ್ಟು ಮನೆಗಳಲ್ಲಿ ಅದರ ಹೆಸರು ಗೊತ್ತು?

ಕೆಲಸದಲ್ಲಿ ಇರುವವರು ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಕಲಿತ ಯಂತ್ರ, ಸರಿಪಡಿಸಿದ ದೋಷ, ಕೈಜೆನ್‌ಗೆ ಕೊಟ್ಟ ಸಲಹೆ, ತಾರೀಖಿನ ಸಮೇತ ಬರೆಯಿರಿ. ಬಡ್ತಿಯ ಮಾತು ಬಂದಾಗ “ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ ಸಾರ್” ಎನ್ನುವವನಿಗಿಂತ, ಯಾವ ತಿಂಗಳಲ್ಲಿ ಯಾವ ತೊಂದರೆಯನ್ನು ಹೇಗೆ ನಿವಾರಿಸಿದೆ ಎಂದು ಹೇಳಬಲ್ಲವನ ಮಾತಿಗೆ ತೂಕ ಹೆಚ್ಚು. ಪಕ್ಕದ ಯಂತ್ರದವನು ರಜೆ ಹಾಕಿದ ದಿನ ಅದನ್ನೂ ಕಲಿಯಿರಿ. ಡೇರೆ ಕಟ್ಟುವ ಕಸುಬು ಕೈಯಲ್ಲಿದ್ದುದರಿಂದಲೇ ಸಂತ ಪೌಲರಿಗೆ ಪರವೂರಾದ ಕೊರಿಂಥದಲ್ಲಿ ಅಕ್ವಿಲನ ಮನೆಯಲ್ಲಿ ಕೆಲಸವೂ ನೆಲೆಯೂ ಸಿಕ್ಕಿತು.

ಆ ಯುವಕನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅವನ ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇಬ್ಬರೂ ಕುಳಿತು ತೆರೆದೆವು. ಯಾವ ತಿಂಗಳು ಯಾವ ಸಂಸ್ಥೆ ಹಣ ಕಟ್ಟಿದೆ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ನಡುವಿನ ಕಂಟ್ರಾಕ್ಟರ್ ಹದಿನಾಲ್ಕು ತಿಂಗಳು ಏನೂ ಕಟ್ಟಿರಲಿಲ್ಲ. ಸಂಬಳದಲ್ಲಿ ಮಾತ್ರ ಹಿಡಿದಿದ್ದ. ಅದಕ್ಕೆ ದೂರು ಕೊಟ್ಟಿದ್ದಾನೆ, ಇನ್ನೂ ಉತ್ತರ ಬಂದಿಲ್ಲ. ಉಳಿದ ವರ್ಷಗಳ ಪುಟಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಸೇರಿಸಿ ಹೊಸ ಕಾರ್ಖಾನೆಯ ಅಧಿಕಾರಿಗಳಿಗೆ ಕೊಟ್ಟ. ಆರು ತಿಂಗಳಿಗೆ ಟ್ರೈನಿಯ ಹಣೆಪಟ್ಟಿ ಹೋಯಿತು.

ಈ ಸಲ ಮೇ 1ರ ಪೂಜೆಯ ನಂತರ ನಮ್ಮ ಚರ್ಚಿನ ಹಾಲಿನಲ್ಲಿ ಎರಡು ಮೇಜು ಹಾಕುತ್ತಿದ್ದೇವೆ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಯುಎಎನ್ ಸಂಖ್ಯೆ ಮತ್ತು ಅದಕ್ಕೆ ಜೋಡಿಸಿದ ಫೋನು ತನ್ನಿ. ಒಂದು ಮೇಜಿನಲ್ಲಿ ಅವನೇ ಕೂರುತ್ತಾನೆ.