ಕೊಲ್ಲಿಯ ನಾಡಿನಲ್ಲಿ ‘ಸಾಕು’ ಎನ್ನುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯ ಮನೆಗೆ ನೀವು ಹೋದಿರೆಂದರೆ ಮೊದಲು ಕಾಲಿಗೆ ನೀರು, ಆಮೇಲೆ ಆಸರಿಗೆ, ಅದರ ಬೆನ್ನಿಗೆ ಕವಳದ ಬಟ್ಟಲು. ಊಟಕ್ಕೆ ಕುಳಿತರಂತೂ ಬಡಿಸುವವರಿಗೆ ‘ಸಾಕು’ ಎಂಬ ಮಾತು ಸುಲಭವಾಗಿ ಕೇಳಿಸದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಬಿಡುಗಡೆ. ಈ ಸನ್ನೆಯನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ; ಪಂಕ್ತಿಯಲ್ಲಿ ಕುಳಿತು ಕಲಿತೆವು. ಆದರೆ ಅನ್ಯದೇಶದ ಪಂಕ್ತಿಯಲ್ಲಿ ಕುಳಿತಾಗ ಏನು ಮಾಡಬೇಕು? ದುಬೈ, ಮಸ್ಕತ್, ದೋಹಾಗಳಲ್ಲಿ ನಮ್ಮವರು ನೆಲೆಸಿರುವ ಈ ಕಾಲದಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ ಸರಿ.

ನನ್ನ ಅನುಭವವನ್ನೇ ಹೇಳುತ್ತೇನೆ. ದುಬೈಯಲ್ಲಿರುವ ಬಾಲ್ಯಸ್ನೇಹಿತನ ಮನೆಗೆ ಹೋಗಿದ್ದೆ. ಆತನ ಪರಿಚಯದ ಅರಬ ಗೃಹಸ್ಥರೊಬ್ಬರು ನಮ್ಮನ್ನು ಮನೆಗೆ ಕರೆದರು. ಅತಿಥಿಗಳನ್ನು ಕುಳ್ಳಿರಿಸುವ ಕೋಣೆಗೆ ಅಲ್ಲಿ ‘ಮಜ್ಲಿಸ್’ ಎನ್ನುತ್ತಾರೆ. ‘ಕುಳಿತುಕೊಳ್ಳುವ ಸ್ಥಳ’ ಎಂದೇ ಆ ಶಬ್ದದ ಅರ್ಥ. ನಮ್ಮ ಜಗಲಿಯೆಂದು ತಿಳಿಯಿರಿ. ಎಡಗೈಯಲ್ಲಿ ಕೊಕ್ಕಿನಂಥ ಮೂತಿಯ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳನ್ನು ಹಿಡಿದು ಒಬ್ಬರು ಬಂದರು. ಹಿರಿಯನೆಂದು ಮೊದಲು ನನಗೆ ಕೊಟ್ಟರು. ಅದು ‘ಕಹ್ವಾ’, ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಪರಿಮಳ ಮಾತ್ರ ಉಂಟು. ಸಿಹಿಗೆ ಖರ್ಜೂರ. ಬಟ್ಟಲಲ್ಲಿ ಕಾಲು ಭಾಗದಷ್ಟೇ ಇತ್ತು. ‘ಇದೇನು ಜಿಪುಣತನ!’ ಎಂದುಕೊಂಡು ಕುಡಿದೆ. ಒಡನೆಯೇ ಮತ್ತೆ ಸುರಿದರು. ಬೇಡವೆಂದರೆ ಬೇಸರಪಟ್ಟಾರೆಂದು ಅದನ್ನೂ ಕುಡಿದೆ. ಹೀಗೆ ಐದು ಬಟ್ಟಲು ಆದ ಮೇಲೆ ಸ್ನೇಹಿತನು ಮೆಲ್ಲನೆ ಕಿವಿಯಲ್ಲಿ, “ಮಾರಾಯಾ, ಬಟ್ಟಲನ್ನು ಅಲ್ಲಾಡಿಸು” ಎಂದ. ಅಲ್ಲಾಡಿಸಿದೆ. ಸುರಿಯುವವರು ನಗುತ್ತ ಬಟ್ಟಲನ್ನು ತೆಗೆದುಕೊಂಡರು.

ಆಮೇಲೆ ತಿಳಿಯಿತು: ಅತಿಥಿಯು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಹಿಂತಿರುಗಿಸುವ ತನಕ ಸುರಿಯುವುದು ಅವರ ಧರ್ಮ, ಒಂದನ್ನಾದರೂ ಕುಡಿದು, ಮೂರನ್ನು ಮೀರದಿರುವುದು ಅತಿಥಿಯ ಧರ್ಮ. ಬಟ್ಟಲು ತುಂಬಿಸಿ ಕೊಟ್ಟರೇ ಅಲ್ಲಿ ಅಗೌರವ. ನಾನು ಜಿಪುಣತನವೆಂದು ಎಣಿಸಿದ್ದು ನಿಜಕ್ಕೂ ಮರ್ಯಾದೆಯಾಗಿತ್ತು! ಈ ಕಹ್ವಾ ಉಪಚಾರವನ್ನು ಔದಾರ್ಯದ ಕುರುಹೆಂದು ಯುನೆಸ್ಕೋ ಸಂಸ್ಥೆಯು 2015ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಇದಕ್ಕೆ ತಿರುಗುಮುರುಗಾದ ಪ್ರಸಂಗವೊಂದು ನಮ್ಮ ಜಿಲ್ಲೆಯಲ್ಲೇ ನಡೆದಿದೆ. 1340ರ ದಶಕದಲ್ಲಿ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತನು ಘಟ್ಟದ ಕೆಳಗಿನ ಹೊನ್ನಾವರಕ್ಕೆ ಬಂದು ಅಲ್ಲಿನ ಸುಲ್ತಾನನ ಮನೆಯಲ್ಲಿ ಉಂಡನು. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಶುಂಠಿ, ಮಾವು ಇವನ್ನೆಲ್ಲ ವರ್ಣಿಸಿ, ಕೊನೆಗೆ ಮೊಸರು ಬಂತೆಂದರೆ ಇನ್ನು ಬಡಿಸುವುದೇನೂ ಇಲ್ಲವೆಂದು ತಿಳಿಯಬೇಕು ಎಂದು ಬರೆದಿಟ್ಟಿದ್ದಾನೆ. ಆತನೂ ಪಂಕ್ತಿಯಲ್ಲಿ ಕುಳಿತೇ ಕಲಿತವನು.

ಕೊಡುಕೊಳ್ಳುವಿಕೆ ಇಷ್ಟಕ್ಕೇ ನಿಂತಿಲ್ಲ. ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ಪ್ರತೀತಿ. ನಮ್ಮ ಘಟ್ಟದ ಏಲಕ್ಕಿಯಾದರೋ ಸಮುದ್ರ ದಾಟಿ ಅವರ ಹೂಜಿಯನ್ನು ಸೇರಿತು. ಇನ್ನು ಮಾತು: ಅಡಿಕೆ ವ್ಯಾಪಾರದ ಲೆಕ್ಕದಲ್ಲಿ ನಾವು ದಿನವೂ ಬರೆಯುವ ‘ಅಸಲು’, ‘ಬಾಕಿ’, ‘ವಸೂಲಿ’, ‘ತಾರೀಖು’ ಎಲ್ಲವೂ ಮೂಲದಲ್ಲಿ ಅರಬ್ಬಿ ಶಬ್ದಗಳೇ.

ಆದರೆ ಅಡಿಕೆಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಕವಳದ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದುಬೈ ವಿಮಾನ ಏರಬೇಡಿರಿ. ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಕವಳದ ಸಾಮಗ್ರಿ ಒಯ್ಯುವುದು ನಿಷಿದ್ಧ. ನಮ್ಮ ಪಾಯಸದ ಗಸಗಸೆಯೂ ಅಲ್ಲಿ ಮಾದಕವಸ್ತುವಿನ ಸಾಲಿಗೆ ಸೇರುತ್ತದೆ. ಒಂದು ಹಿಡಿ ಸಿಕ್ಕರೂ ಸೆರೆಮನೆಯ ಭಯ. ನಿತ್ಯದ ಔಷಧಿಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಆ ಔಷಧಿಗೆ ಅಲ್ಲಿ ಅನುಮತಿ ಉಂಟೇ ಎಂದು ಮೊದಲೇ ವಿಚಾರಿಸಿರಿ. ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಹೊತ್ತು ಬೀದಿಯಲ್ಲಿ ತಿನ್ನುವುದು, ಕುಡಿಯುವುದು ಬೇಡ. ಕೊಡುವುದೂ ಕೊಳ್ಳುವುದೂ ಬಲಗೈಯಲ್ಲೇ ಆಗಲಿ. ಇದು ನಮಗೆ ಹೊಸದಲ್ಲ. ಕೇಳದೆ ಯಾರ ಚಿತ್ರವನ್ನೂ, ವಿಶೇಷವಾಗಿ ಹೆಂಗಸರ ಚಿತ್ರವನ್ನು, ತೆಗೆಯಬಾರದು.

ಇಷ್ಟೆಲ್ಲ ಜಾಗ್ರತೆ ಏಕೆಂದು ಕೇಳುವಿರಾ? ನಾವು ಹತ್ತು ದಿನ ಇದ್ದು ಬರುವವರು. ನಮ್ಮ ಸ್ನೇಹಿತನೂ ಅಲ್ಲಿ ಅತಿಥಿಯೇ ಅಲ್ಲವೆ? ಇಪ್ಪತ್ತು ವರ್ಷ ದುಡಿದಿದ್ದರೂ ಆತನ ವಾಸವು ಉದ್ಯೋಗಕ್ಕೆ ಅಂಟಿಕೊಂಡ ಪರವಾನಗಿಯ ಮೇಲೆ ನಿಂತಿದೆ. ನಾವು ಎಡವಿದರೆ ನೆರೆಯವರ ಮುಂದೆ, ಅಧಿಕಾರಿಗಳ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದವನು ಆತ. ಊರಿನಿಂದ ಏನು ತರಲೆಂದು ಕೇಳಿದರೆ ಆತ ಅಪ್ಪೆಮಿಡಿಯನ್ನೋ ಹಲಸಿನ ಹಪ್ಪಳವನ್ನೋ ಹೇಳಿಯಾನು. ಅದರ ಜೊತೆಗೆ, ತನ್ನಿಂದಾಗಿ ತಲೆನೋವು ಆಗದಂಥ ಅತಿಥಿಯೊಬ್ಬನು ಬಂದರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಡ.

ಆದ್ದರಿಂದ ಹೋಗಿಬನ್ನಿರಿ, ಮೂರನೆಯ ಬಟ್ಟಲಿಗೆ ಅಲ್ಲಾಡಿಸಿರಿ. ಕವಳದ ಬಟ್ಟಲು ಜಗಲಿಯಲ್ಲೇ ಇರಲಿ. ಮರಳಿ ಬಂದ ದಿನ ಮಜ್ಜಿಗೆ ಊಟ ಮುಗಿಸಿ, ಕವಳ ಹಾಕಿಕೊಂಡು, ಅಲ್ಲಿನ ಕಥೆಯನ್ನು ಮನೆಮಂದಿಗೆ ಹೇಳುವಿರಂತೆ.