ಹುಳಿ ಬ್ರೆಡ್ಡು ಕೇಳುವ ಹೊತ್ತು

1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತು. ಅದರ ಬೆನ್ನಿಗೇ ಬ್ರೆಡ್ಡು ಸುಡುವ ಭಟ್ಟಿಗಳೂ ಬಂದವು. ಪೇಟೆಯ ಜನಕ್ಕೆ ಬ್ರೆಡ್ಡೆಂದರೆ ಬಹುಕಾಲ ಜ್ವರ ಬಂದವರ ಪಥ್ಯ. ಅದಕ್ಕೆ ಮೊಟ್ಟೆ ಬೆರೆಸಿದ್ದಾರೇನೋ ಎಂಬ ಅನುಮಾನ ಬೇರೆ. ಆ ಅನುಮಾನ ಕಳೆದವರು ಅಯ್ಯಂಗಾರರು. 1898ರಲ್ಲಿ, ಊರಿಗೆ ಪ್ಲೇಗು ಕಾಲಿಟ್ಟ ವರ್ಷವೇ, ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಚಿಕ್ಕಪೇಟೆಯ ಬಳಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ನಾಲ್ಕು ವರ್ಷದ ಮೇಲೆ, 1902ರಲ್ಲಿ, ದಂಡಿನ ಕಡೆ ಆಲ್ಬರ್ಟ್ ಬೇಕರಿ ಶುರುವಾಯಿತು. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ಇವತ್ತಿಗೂ ಅದು ಮಧ್ಯಾಹ್ನದ ಮೇಲೆ ಬಾಗಿಲು ತೆಗೆಯುತ್ತದೆ. ಅಲ್ಲಿನ ಮಿದುಳಿನ ಪಫ್‌ಗೆ ಹೆಸರಿರುವುದರಿಂದ ಪ್ರಾಣಿಮೂಲದ ಏನನ್ನೂ ತಿನ್ನದ ವೀಗನ್ನರು ಆ ಕಡೆ ಸುಳಿಯಲಿಕ್ಕಿಲ್ಲ.

ಅಯ್ಯಂಗಾರ್ ಬೇಕರಿ ಮೊಟ್ಟೆ ಬಿಟ್ಟಿತು, ಹಾಲು ಬೆಣ್ಣೆ ಬಿಡಲಿಲ್ಲ. ಈಗ ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಸಿಗುವ ಸೌರ್‌ಡೋ ಎಂಬ ಹುಳಿ ಬ್ರೆಡ್ಡು ಅವನ್ನೂ ಬಿಟ್ಟಿದೆ, ಪ್ಯಾಕೆಟ್ಟಿನ ಯೀಸ್ಟನ್ನೂ ಬಿಟ್ಟಿದೆ. ಹಿಟ್ಟು, ನೀರು, ಉಪ್ಪು. ಹುದುಗಿಸಲು ಹಿಂದಿನ ದಿನದ ಹುಳಿ ಹಿಟ್ಟು. ಮೊಸರಿಗೆ ಹೆಪ್ಪು ಹಾಕುವ ಹಾಗೆಯೇ ಇದೂ, ಹಾಗಾಗಿ ಆ ಹುಳಿ ಹಿಟ್ಟನ್ನು ನಾನು ಹೆಪ್ಪು ಎಂದೇ ಕರೆಯುತ್ತೇನೆ. ಪ್ರಾಣಿಯಿಂದ ಬಂದದ್ದು ಏನೂ ಇಲ್ಲದ ಇಂಥ ಬ್ರೆಡ್ಡಿನ ಅಂಗಡಿ ಮುಂದೆ ‘ವೀಗನ್’, ‘ಎಥಿಕಲ್’ ಎಂಬ ಹಲಗೆ ತೂಗುತ್ತದೆ. ಮೊದಲನೆಯ ಮಾತು ನಿಜ, ಅದಕ್ಕೆ ಬೇಕರಿಯವರು ಪಟ್ಟ ಶ್ರಮವೇನೂ ಇಲ್ಲ. ಎರಡನೆಯದು ಎಷ್ಟು ನಿಜ ಎಂದು ನೋಡಬೇಕಾದರೆ ಕಣಕ ಹುದುಗುವಾಗ ನಡೆಯುವುದೇನು ಎಂದು ತಿಳಿಯಬೇಕು.

ಒಂದು ಗಾಜಿನ ಡಬ್ಬಿಯಲ್ಲಿ ಗೋಧಿ ಹಿಟ್ಟು, ಅಷ್ಟೇ ತೂಕದ ನೀರು ಕಲಸಿ ಮುಚ್ಚಿಡಿ. ದಿನಕ್ಕೊಮ್ಮೆ ಅರ್ಧ ತೆಗೆದು ಹೊಸ ಹಿಟ್ಟು ನೀರು ಹಾಕಿ. ಎರಡನೆಯ ದಿನವೇ ಅದು ಬುಸುಬುಸು ಉಬ್ಬಿ, ನೀವು ಗೆದ್ದಿರೆಂದು ನಂಬಿಸುತ್ತದೆ. ನಾಲ್ಕನೆಯ ದಿನ ಮಗುಮ್ಮಾಗಿ ಕೂರುತ್ತದೆ. ಹೊಸಬರು ಇಲ್ಲೇ ಡಬ್ಬಿ ತೊಳೆದಿಡುವುದು. ಮೊದಲು ಉಬ್ಬಿಸಿದ್ದು ಯೀಸ್ಟ್ ಅಲ್ಲ. ಕಾಳಿನ ಸಿಪ್ಪೆಯ ಜೊತೆ ಬಂದ ಹತ್ತಾರು ಬಗೆಯ ಬ್ಯಾಕ್ಟೀರಿಯಾ. ಅವುಗಳಲ್ಲಿ ಲ್ಯೂಕೊನೊಸ್ಟಾಕ್ ಎಂಬುದೊಂದಿದೆ, ಲ್ಯಾಕ್ಟಿಕ್ ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆಮ್ಲ ಹೆಚ್ಚಿದಂತೆ ಪಿಎಚ್ ಸುಮಾರು 6ರಿಂದ ಕೆಳಗಿಳಿಯುತ್ತದೆ, ಹುಳಿ ತಾಳದವು ಸಾಯುತ್ತವೆ. ಪಿಎಚ್ 4ರ ಹತ್ತಿರ ಬರುವ ಹೊತ್ತಿಗೆ ಹುಳಿ ತಾಳುವ ಲ್ಯಾಕ್ಟೋಬ್ಯಾಸಿಲಸ್ ಬಳಗ, ಕಾಡು ಯೀಸ್ಟು ಉಳಿದು ಬಲಿಯುತ್ತವೆ. ಐದಾರು ದಿನದಲ್ಲಿ ಡಬ್ಬಿ ಮತ್ತೆ ಉಬ್ಬತೊಡಗುತ್ತದೆ. ಈ ಸಲದ ಉಬ್ಬು ನಂಬಬಹುದಾದದ್ದು.

ಆ ಎರಡನೆಯ ದಿನದ ಲ್ಯೂಕೊನೊಸ್ಟಾಕ್ ನಮಗೆ ಹೊಸ ಪರಿಚಯವಲ್ಲ. ಹಲಸೂರಿನ ದರ್ಶಿನಿಗಳಲ್ಲಿ ಬೆಳಗಿನ ಇಡ್ಲಿ ಹಿಟ್ಟನ್ನು ಉಕ್ಕಿಸುವುದೂ ಮುಖ್ಯವಾಗಿ ಅದೇ. ಇಡ್ಲಿಗೆ ಒಂದೇ ರಾತ್ರಿ ಸಾಕು, ಅಲ್ಲಿ ಅದು ಸಾಯುವ ಮುನ್ನವೇ ನಾವು ಬೇಯಿಸಿಬಿಡುತ್ತೇವೆ. ಗಾಳಿಯನ್ನು ಹಿಡಿದಿಡುವ ಗ್ಲುಟನ್ ಎಂಬ ಗೋಧಿಯ ಅಂಟು ಪ್ರೋಟೀನು ಅಕ್ಕಿಯಲ್ಲಿ ಇಲ್ಲ, ಆದರೂ ಗಾಳಿ ಹಿಟ್ಟಿನಲ್ಲಿ ನಿಲ್ಲುವುದು ಹೇಗೆ? ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್. ಎಸ್. ಸುಶೀಲಮ್ಮ ಮತ್ತು ಎಂ. ವಿ. ಎಲ್. ರಾವ್ 1970ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಉದ್ದಿನ ಬೇಳೆಯ ಒಂದು ಪ್ರೋಟೀನು ನೊರೆ ಎಬ್ಬಿಸುತ್ತದೆ, ಅರಾಬಿನೊಗ್ಯಾಲಕ್ಟನ್ ಎಂಬ ಲೋಳೆಯಂಥ ಸಕ್ಕರೆಸರಪಳಿ ಆ ನೊರೆಯನ್ನು ಉಗಿಯಲ್ಲಿ ಬೇಯುವವರೆಗೆ ಒಡೆಯದಂತೆ ಹಿಡಿಯುತ್ತದೆ ಎಂದು ತೋರಿಸಿದರು. ಮೊಟ್ಟೆಗೆ ಬದಲಿ ಹುಡುಕುವ ವೀಗನ್ ಬೇಕರಿಗಳು ಕಡಲೆ ಬೇಯಿಸಿದ ನೀರಿನ ನೊರೆಯನ್ನು 2014ರ ಸುಮಾರಿಗೆ ಫ್ರಾನ್ಸಿನಿಂದ ಕಲಿತು ಸಂಭ್ರಮಿಸಿದವು. ಉದ್ದು ರುಬ್ಬುವ ಊರಿನಲ್ಲಿ ಕುಳಿತು ಅಷ್ಟು ದೂರ ನೋಡಬೇಕಿತ್ತೇ ಎಂದು ನನಗೆ ಅನಿಸುವುದುಂಟು.

ಬ್ರೆಡ್ಡಿನ ಹೆಪ್ಪಿಗೆ ಮರಳಿದರೆ, ಅದರೊಳಗಿನ ಸಹವಾಸ ಕುತೂಹಲದ್ದು. 1971ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸ್ಯಾನ್ ಫ್ರಾನ್ಸಿಸ್ಕೊದ ಹುಳಿ ಬ್ರೆಡ್ಡಿನ ಹೆಪ್ಪು ಬಿಡಿಸಿ ನೋಡಿದಾಗ ಸಿಕ್ಕ ಯೀಸ್ಟಿಗೆ ಮಾಲ್ಟೋಸ್ ಎಂಬ ಸಕ್ಕರೆ ಜೀರ್ಣವಾಗುತ್ತಿರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಬೇಕಾಗಿದ್ದದ್ದು ಅದೇ ಮಾಲ್ಟೋಸ್. ತಟ್ಟೆ ಬೇರೆಯಾದ್ದರಿಂದ ಜಗಳವಿಲ್ಲ. ಬ್ಯಾಕ್ಟೀರಿಯಾ ಬಿಡುವ ಹುಳಿಯನ್ನು ಆ ಯೀಸ್ಟು ತಾಳಿಕೊಳ್ಳುತ್ತದೆ, ಬೇರೆ ಸೂಕ್ಷ್ಮಜೀವಿಗಳು ತಾಳಲಾರವು. ಆ ಬ್ಯಾಕ್ಟೀರಿಯಾಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಹೆಸರನ್ನೇ ಇಟ್ಟರು, ಆ ಊರಿನ ಮಂಜು ಗಾಳಿಯಲ್ಲೇ ಏನೋ ಇದೆ ಎಂಬ ಕಥೆಯೂ ಹುಟ್ಟಿತು. ಮುಂದೆ ಅದು ಯುರೋಪಿನ ಹೆಪ್ಪುಗಳಲ್ಲೂ ಸಿಕ್ಕಿತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲ್ಕು ಖಂಡಗಳ 500 ಹೆಪ್ಪುಗಳನ್ನು ಪರೀಕ್ಷಿಸಿ, ಯಾವ ಊರಿನದು ಎಂಬುದರಿಂದ ಒಳಗಿನ ಜೀವಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. ‘ಇಂದಿರಾನಗರದ ಗಾಳಿಯ ರುಚಿ’ ಎಂದು ಯಾರಾದರೂ ಬ್ರೆಡ್ಡು ಮಾರಿದರೆ ಅದನ್ನು ಜಾಹೀರಾತು ಎಂದು ತಿಳಿಯಿರಿ.

ಊರಿನ ಹವೆ, ನೀರು, ಹಿಟ್ಟಿಗೆ ಮಾತ್ರ ನಿಜವಾಗಿ ಲೆಕ್ಕವಿದೆ. ಸ್ಯಾನ್ ಫ್ರಾನ್ಸಿಸ್ಕೊದ ಆ ಜೋಡಿಯಲ್ಲಿ ಯೀಸ್ಟಿಗೆ ಹಿತವಾದ ಉಷ್ಣತೆ ಸುಮಾರು 27 ಡಿಗ್ರಿ, ಬ್ಯಾಕ್ಟೀರಿಯಾಕ್ಕೆ 32. ಡಿಸೆಂಬರ್ ರಾತ್ರಿಯ 16 ಡಿಗ್ರಿಯಲ್ಲಿ ಎರಡೂ ತೂಕಡಿಸುತ್ತವೆ. ಏಪ್ರಿಲ್ ಮಧ್ಯಾಹ್ನ, ಶೀಟು ಹೊದಿಸಿದ ಬೇಕರಿಯೊಳಗೆ, ಬ್ಯಾಕ್ಟೀರಿಯಾ ಮುಂದೆ ಓಡಿ ಯೀಸ್ಟು ಹಿಂದೆ ಬೀಳುತ್ತದೆ. ಬ್ರೆಡ್ಡು ಹುಳಿಯಾಗುತ್ತದೆ, ಉಬ್ಬುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ಅಂಥ ದಿನ ಕಣಕಕ್ಕೆ ಐಸ್ ನೀರು ಹಾಕದೆ ಗತಿಯಿಲ್ಲ. ನೀರಿನದೂ ಒಂದು ತಕರಾರು. ಕೆ.ಆರ್. ಪುರ, ಮಹದೇವಪುರದ ಕಡೆ ಬಹಳ ಜಾಗಗಳಿಗೆ ಬೋರ್‌ವೆಲ್ಲು, ಟ್ಯಾಂಕರೇ ಗತಿ. ಗಡಸು ನೀರಿನ ಕ್ಯಾಲ್ಸಿಯಂ ಗ್ಲುಟನ್ ಜಾಲವನ್ನು ಬಿಗಿಗೊಳಿಸುತ್ತದೆ, ಅದು ಒಳ್ಳೆಯದೇ. ಬೈಕಾರ್ಬೊನೇಟ್ ಹೆಚ್ಚಿದ್ದರೆ ಹುಟ್ಟಿದ ಆಮ್ಲವನ್ನು ಅದು ನುಂಗಿಹಾಕುವುದರಿಂದ ಹುಳಿ ಬೇಗ ಏರುವುದಿಲ್ಲ. ಕಾವೇರಿ ನೀರಿನಲ್ಲಿ ಕಲಿತ ಅಳತೆ ಟ್ಯಾಂಕರ್ ನೀರಿಗೆ ಕೂಡಿಬರದಿರುವುದು ಹೀಗೆ.

ಹಿಟ್ಟಿನ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮ ಗಿರಣಿಯ ಕಲ್ಲು ಗೋಧಿಯನ್ನು ಬಿಗಿಯಾಗಿ ಒತ್ತಿ ಬೀಸುತ್ತದೆ, ಪಿಷ್ಟದ ಕಣಗಳು ಬಿರುಕು ಬಿಡುತ್ತವೆ. ಬಿರುಕು ಬಿಟ್ಟ ಪಿಷ್ಟ ನೀರನ್ನು ಚೆನ್ನಾಗಿ ಹೀರುತ್ತದೆ, ಚಪಾತಿ ಮೆತ್ತಗಾಗುವುದು ಅದರಿಂದಲೇ. ಬ್ರೆಡ್ಡಿಗೆ ಇದೇ ಗುಣ ತೊಡಕು: ಕಿಣ್ವಗಳು ಅಂಥ ಪಿಷ್ಟವನ್ನು ಬೇಗ ಸಕ್ಕರೆಯಾಗಿ ಒಡೆಯುತ್ತವೆ, ಗಂಟೆಗಟ್ಟಲೆ ಇಟ್ಟ ಕಣಕ ಅಂಟಂಟಾಗಿ ಹರಡಿಬಿಡುತ್ತದೆ. ಹಾಗೆಂದು ಪೂರಾ ಮೈದಾಕ್ಕೆ ಹೋಗಬೇಕಿಲ್ಲ. ಒಂದು ಪಾಲು ಗಿರಣಿಯ ಹಿಟ್ಟು, ಒಂದಿಷ್ಟು ರಾಗಿ ಬೆರೆಸಿ ನೀರು ಕಡಿಮೆ ಮಾಡಿದರೆ ಕೆಲಸ ನಡೆಯುತ್ತದೆ. ರಾಗಿಯಲ್ಲಿ ಗ್ಲುಟನ್ ಇಲ್ಲದ್ದರಿಂದ ಹೆಚ್ಚು ಹಾಕಿದರೆ ಬ್ರೆಡ್ಡು ಇಟ್ಟಿಗೆಯೇ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಬಿಟ್ಟವರಿಗೆ ಸಣ್ಣ ಮಾತಲ್ಲ. ಧಾನ್ಯದ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲ ಈ ಕ್ಯಾಲ್ಸಿಯಂ, ಕಬ್ಬಿಣ, ಸತುಗಳನ್ನು ಕಟ್ಟಿಹಾಕುತ್ತದೆ. ಕಣಕ ಹುಳಿಯಾದಾಗ ಹಿಟ್ಟಿನದೇ ಫೈಟೇಸ್ ಕಿಣ್ವ ಚುರುಕಾಗಿ ಆ ಕಟ್ಟು ಬಿಚ್ಚುತ್ತದೆ. ನಮ್ಮ ಹುಳಿ ಅಂಬಲಿಯಲ್ಲೂ ಇಂಥ ಕೆಲಸವೇ ನಡೆಯುವುದು.

ಫೈಟೇಸ್ ಕೇಳುವುದು ಹೊತ್ತನ್ನು. ಬ್ರೆಡ್ಡಿನಲ್ಲಿ ಬಹುತೇಕ ಎಲ್ಲವೂ ಕೇಳುವುದು ಅದನ್ನೇ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ರೂಪಿಸಿದ ವಿಧಾನ ಕಣಕವನ್ನು ಕೆಲವೇ ನಿಮಿಷ ರಭಸದಿಂದ ತಿರುವಿ, ಗಂಟೆಗಟ್ಟಲೆ ಹುದುಗಿಸುವ ಕೆಲಸವನ್ನೇ ಬಿಟ್ಟಿತು. ಬಿಟ್ಟ ಹೊತ್ತಿನ ಜಾಗಕ್ಕೆ ರಾಸಾಯನಿಕ ಬಂತು. ಗ್ಲುಟನ್ ಎಳೆಗಳ ನಡುವೆ ಗಂಧಕದ ಬೆಸುಗೆಗಳಿವೆ. ಅವನ್ನು ಬೇಗ ಬಿಗಿಯಬೇಕಾದರೆ ಪೊಟ್ಯಾಸಿಯಂ ಬ್ರೋಮೇಟ್. ಕ್ಯಾನ್ಸರ್‌ಕಾರಕ ಇರಬಹುದೆಂಬ ಕಾರಣಕ್ಕೆ ಭಾರತದಲ್ಲಿ 2016ರಲ್ಲಿ ಅದನ್ನು ನಿಷೇಧಿಸಿದರು. ಬೇಗ ಸಡಿಲಿಸಬೇಕಾದರೆ ಎಲ್-ಸಿಸ್ಟೀನ್. ಜಗತ್ತಿನ ಮಾರುಕಟ್ಟೆಯಲ್ಲಿ ಅದನ್ನು ಹಕ್ಕಿಗಳ ಗರಿಯಿಂದಲೂ ಕೂದಲಿನಿಂದಲೂ ತೆಗೆಯುತ್ತಾರೆ. ಪ್ಯಾಕೆಟ್ಟಿನ ಹಿಂಬದಿಯ 471 ಎಂಬ ಎಮಲ್ಸಿಫೈಯರ್ ಸಸ್ಯದ ಎಣ್ಣೆಯದೂ ಇರಬಹುದು, ಪ್ರಾಣಿಯ ಕೊಬ್ಬಿನದೂ ಇರಬಹುದು. 282 ಬೂಷ್ಟು ತಡೆಯಲು. ಹನ್ನೆರಡು ಗಂಟೆ ಹುದುಗಿದ ಕಣಕದಲ್ಲಿ ಬಿಗಿಯುವುದು, ಸಡಿಲಿಸುವುದು ತಮ್ಮಷ್ಟಕ್ಕೆ ಆಗುತ್ತವೆ, ಬೂಷ್ಟನ್ನು ಅಸಿಟಿಕ್ ಆಮ್ಲ ಸ್ವಲ್ಪ ಕಾಲ ದೂರವಿಡುತ್ತದೆ. ಹಾಲು ಕೊಡುವ ಕೆಂಬಣ್ಣವೂ ಹಾಗೆಯೇ: ಪ್ರೋಟೀನು ಒಡೆದು ಅಮೈನೊ ಆಮ್ಲವಾಗಿ, ಪಿಷ್ಟ ಒಡೆದು ಸಕ್ಕರೆಯಾಗಿ ಸಿದ್ಧವಿರುವುದರಿಂದ ಭಟ್ಟಿಯ ಶಾಖಕ್ಕೆ ಮೇಲ್ಮೈ ತಾನಾಗಿ ಕಂದುತ್ತದೆ. ಮೊಟ್ಟೆ ಸವರಿದ ಹೊಳಪು ಬೇಕೆಂದರೆ ಮೊದಲ ಹತ್ತು ನಿಮಿಷ ಭಟ್ಟಿಯಲ್ಲಿ ಹಬೆ ತುಂಬಿದರಾಯಿತು, ಮೇಲಿನ ಪಿಷ್ಟ ಗಂಜಿಯಾಗಿ ಮಿರುಗುತ್ತದೆ.

ಈ ಹೊತ್ತನ್ನು ಕೊಡುವವರು ಯಾರು? ಬೆಳಿಗ್ಗೆ ಆರಕ್ಕೆ ಬಿಸಿ ಬ್ರೆಡ್ಡು ಬೇಕೆಂದರೆ ಯಾರೋ ಮಧ್ಯರಾತ್ರಿ ಏಳಬೇಕು. ಇದು ಅನ್ಯಾಯವೆಂದು ಫ್ರಾನ್ಸ್ 1919ರಲ್ಲಿ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಬ್ರೆಡ್ಡಿನ ಕೆಲಸ ನಿಷೇಧಿಸಿ ಕಾನೂನು ಮಾಡಿತು. 1925ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬೇಕರಿಗಳ ರಾತ್ರಿ ಕೆಲಸದ ಬಗ್ಗೆಯೇ ಒಂದು ಒಪ್ಪಂದ ತಂದಿತು. ಅಂದು ಕಾನೂನು ಹುಡುಕಿದ ಪರಿಹಾರಕ್ಕೆ ಇಂದು ಫ್ರಿಡ್ಜು ನೆರವಾಗುತ್ತದೆ. 4 ಡಿಗ್ರಿಯಲ್ಲಿ ಕಣಕ ನಿಧಾನವಾಗಿ ಹುದುಗುತ್ತಲೇ ಇರುತ್ತದೆ. ಮಧ್ಯಾಹ್ನ ಕಲಸಿ, ಸಂಜೆ ಉಂಡೆ ಕಟ್ಟಿ ಫ್ರಿಡ್ಜಿಗೆ ಸೇರಿಸಿ ಮನೆಗೆ ಹೋಗಿ, ನಿದ್ದೆ ಮುಗಿಸಿ ಬಂದು ಸುಡಬಹುದು. ಸೌರ್‌ಡೋ ಬೇಕರಿ ತನ್ನನ್ನು ನೀತಿವಂತ ಎಂದು ಕರೆದುಕೊಳ್ಳಬೇಕಾದರೆ ನನ್ನ ಮಟ್ಟಿಗೆ ಮೊದಲ ಪರೀಕ್ಷೆ ಇದೇ. ಎರಡನೆಯದು ಹಿಟ್ಟಿನ ದೂಳು. ಬೇಕರಿಯವರ ಉಬ್ಬಸವನ್ನು ರಾಮಾಜಿನಿ ಎಂಬ ಇಟಲಿಯ ವೈದ್ಯ 1700ರಲ್ಲೇ ಬರೆದಿಟ್ಟಿದ್ದಾನೆ. ದೂಳು ಏಳದಂತೆ ಹಿಟ್ಟು ಸುರಿಯುವುದು, ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮಾಸ್ಕು, ಗಾಳಿ ಹೊರಹಾಕುವ ಫ್ಯಾನು: ಇವಕ್ಕೆ ಬಹಳ ಖರ್ಚಿಲ್ಲ.

ವೀಗನ್ ಎಂಬ ಚೀಟಿ ಈ ಯಾವುದನ್ನೂ ಹೇಳುವುದಿಲ್ಲ. 2022ರಿಂದ ವೀಗನ್ ಆಹಾರಕ್ಕೆ ದೇಶದಲ್ಲಿ ಪ್ರತ್ಯೇಕ ನಿಯಮವಿದೆ, ಹಸಿರು ಬಣ್ಣದ ಪ್ರತ್ಯೇಕ ಗುರುತಿದೆ. ಹಾಲಿನ ಪುಡಿ ಸೇರಿದ ಬ್ರೆಡ್ಡಿಗೂ ಸಸ್ಯಾಹಾರದ ಹಸಿರು ಚುಕ್ಕೆ ಸಿಗುವುದರಿಂದ ಅದು ಉಪಯೋಗದ ಗುರುತೇ. ಆದರೆ ವನಸ್ಪತಿಯಲ್ಲಿ ಮುಳುಗೆದ್ದ ಪಫ್ಸು ಕೂಡ ಪ್ರಾಣಿಮೂಲವಿಲ್ಲದ್ದು. ವನಸ್ಪತಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕೆಂದು 2022ರ ಜನವರಿಯಿಂದ ಅದನ್ನು ಶೇಕಡ 2ಕ್ಕೆ ಇಳಿಸಬೇಕಾಯಿತು. ಅದಕ್ಕೂ ಮುಂಚೆ ಹಸುವಿಗೆ ನೋವಾಗದೆ ಮನುಷ್ಯನಿಗೆ ಎಷ್ಟೋ ನೋವಾಗಿದೆ.

ಇನ್ನು ನೆರೆಹೊರೆ. ಇಂದಿರಾನಗರದಲ್ಲಿ ಸೌರ್‌ಡೋ ಒಂದಕ್ಕೆ ಮುನ್ನೂರು ರೂಪಾಯಿ ಆಸುಪಾಸು ಕೊಡಬೇಕು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ಚಹಾಕ್ಕೆ ಅದ್ದಿ ತಿನ್ನುವುದು ಬನ್ನು. ಹುಳಿ ಬ್ರೆಡ್ಡು ದುಬಾರಿಯಾಗಿರುವುದು ಹಿಟ್ಟಿನಿಂದಲ್ಲ. ಬಾಡಿಗೆ, ಕೆಲಸದವರ ಗಂಟೆಗಳು, ಫ್ರಿಡ್ಜಿನ ವಿದ್ಯುತ್ತು ಅದರಲ್ಲಿವೆ. ಗಂಟೆಗಳ ಕೂಲಿ ಕಡಿಮೆ ಮಾಡಿ ಬೆಲೆ ಇಳಿಸುವುದು ತಪ್ಪು ದಾರಿ. ಅದೇ ಹೆಪ್ಪಿನಲ್ಲಿ ಸಣ್ಣ ಬನ್ನು ಮಾಡಬಹುದು, ಬಾಗಿಲು ಹಾಕುವ ಹೊತ್ತಿಗೆ ಉಳಿದದ್ದನ್ನು ಕಡಿಮೆ ಬೆಲೆಗೆ ಕೊಡಬಹುದು. ಮಾರಾಟವಾಗದ ಬ್ರೆಡ್ಡನ್ನು ರಸ್ಕು ಮಾಡುವ ವಿದ್ಯೆ ನಮ್ಮ ಬೇಕರಿಗಳಿಗೆ ಹೊಸದಲ್ಲ. ಡಬ್ಬಿಯಿಂದ ದಿನಾ ತೆಗೆದು ಚೆಲ್ಲುವ ಅರ್ಧ ಹೆಪ್ಪು ದೋಸೆ ಹಿಟ್ಟಿಗೆ ಹೊಂದುತ್ತದೆ. ಕಲಿಯುವ ಆಸೆಯಿರುವ ಹುಡುಗ ಹುಡುಗಿಯರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿ ಘಟಕ ಇದೆ. ಅಲ್ಲಿ ಕಲಿತು ಬಂದವರನ್ನು ಕರೆದು ಕೆಲಸ ಕೊಟ್ಟರೆ ಬಡಾವಣೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕೊಂಡು ತಿನ್ನುವವರಿಗೆ ಎರಡು ಮಾತು. ಹುಳಿ ಬ್ರೆಡ್ಡನ್ನು ಫ್ರಿಡ್ಜಿನಲ್ಲಿ ಇಡಬೇಡಿ. ಬೆಂದಾಗ ಸಡಿಲಗೊಂಡ ಪಿಷ್ಟ ಮತ್ತೆ ಹರಳುಗಟ್ಟಿದಾಗ ಬ್ರೆಡ್ಡು ಗಡುಸಾಗುತ್ತದೆ, ಆ ಕ್ರಿಯೆ ಅತಿ ವೇಗವಾಗಿ ನಡೆಯುವುದು ಫ್ರಿಡ್ಜಿನ ಉಷ್ಣತೆಯಲ್ಲೇ. ಬಟ್ಟೆ ಸುತ್ತಿ ಹೊರಗಿಡಿ, ಹೆಚ್ಚು ದಿನಕ್ಕಾದರೆ ಹೋಳು ಮಾಡಿ ಫ್ರೀಜರಿಗೆ ಹಾಕಿ. ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಯಾರೇ ಏನೇ ಹೇಳಿದರೂ ಗೋಧಿಯ ಸೌರ್‌ಡೋ ಮುಟ್ಟಬಾರದು. ಹುದುಗುವಿಕೆ ಗ್ಲುಟನನ್ನು ಅಷ್ಟು ಒಡೆಯುವುದಿಲ್ಲ. ಅವರಿಗೆ ಅಕ್ಕಿಯ ಇಡ್ಲಿಯೇ ಸರಿ.